ಓದುಗರ ಪ್ರಶ್ನೆ: ಪಾಲ್ ಹೆನ್ರಿಯ ಮೋಡಗಳು

ಪ್ರಶ್ನೆ: ಐರ್ಲೆಂಡಿನ ಕಲಾವಿದ ಪಾಲ್ ಹೆನ್ರಿ 1916ರ ದಂಗೆ, ಸ್ವಾತಂತ್ರ್ಯ ಯುದ್ಧ, ಅಂತರ್ಯುದ್ಧ ಮೂರನ್ನೂ ಕಂಡವರು. ಆದರೆ ಅವರ ಚಿತ್ರಗಳಲ್ಲಿ ಬೆಟ್ಟ, ಗುಡಿಸಲು, ಮೋಡ ಅಷ್ಟೇ. ಕಾಲಕ್ಕೆ ಬೆನ್ನು ತಿರುಗಿಸಿದ್ದರೇ?

ಉತ್ತರ: ಚಿತ್ರಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿಕೊಂಡು ನೋಡಿ. ಬೆಲ್‌ಫಾಸ್ಟಿನಲ್ಲಿ 1876ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಅಮೆರಿಕನ್ ಚಿತ್ರಕಾರ ವಿಸ್ಲರ್ ಬಳಿ ಕಲಿತ ಹೆನ್ರಿ 1910ರಲ್ಲಿ ಪಶ್ಚಿಮ ಕರಾವಳಿಯ ಆಕಿಲ್ ದ್ವೀಪಕ್ಕೆ ಹೋದರು. ಆಗಿನ ಕ್ಯಾನ್ವಾಸ್ ತುಂಬ ಜನ. ‘ಕರಾಕ್ ನೀರಿಗಿಳಿಸುವುದು’ ಚಿತ್ರದಲ್ಲಿ ದೋಣಿಗೆ ಹೆಗಲು ಕೊಟ್ಟ ಗಂಡಸರು, 1912ರ ‘ಆಲೂಗಡ್ಡೆ ಅಗೆಯುವವರು’ ಚಿತ್ರದಲ್ಲಿ ಬೆನ್ನು ಬಾಗಿಸಿದ ಹೆಂಗಸರು. ಫ್ರೆಂಚ್ ಚಿತ್ರಕಾರ ಮಿಲೆ ಬರೆದ ರೈತರ ಪ್ರಭಾವ ಎದ್ದು ಕಾಣುತ್ತದೆ. ಮುಂದೆ ಜನ ಕಡಿಮೆಯಾಗುತ್ತಾ ಹೋಗುತ್ತಾರೆ. 1922–23ರ ‘ಕಿಲರಿ ಬಂದರಿನ ಮುಂಜಾವು’ ಹೊತ್ತಿಗೆ ಉಳಿದದ್ದು ನೀರು ಮತ್ತು ಬೆಟ್ಟ. ಅಂತರ್ಯುದ್ಧ ನಡೆದದ್ದು 1922ರ ಜೂನ್‌ನಿಂದ 1923ರ ಮೇ ತನಕ.

ಹಾಗೆಂದು ಆ ಖಾಲಿತನವನ್ನು ಯುದ್ಧದ ತಲೆಗೆ ಕಟ್ಟುವುದು ಅವಸರದ ತೀರ್ಮಾನ. ವಿಸ್ಲರ್ ಕಲಿಸಿದ ಛಾಯೆಯ ಸಂಯಮವೂ ಅದರಲ್ಲಿದೆ. ರಾಜಕೀಯ ಹುಡುಕಬೇಕಾದದ್ದು ಆ ಗುಡಿಸಲುಗಳಲ್ಲಿ. ಆಕಿಲ್‌ನ ಕುಟುಂಬಗಳು ತುಂಡು ಜಮೀನಿನಲ್ಲಿ ಹೊಟ್ಟೆ ತುಂಬದೆ ಪ್ರತಿವರ್ಷ ಆಲೂಗಡ್ಡೆ ಕೀಳಲು ಸ್ಕಾಟ್ಲೆಂಡಿಗೆ ಗುಳೆ ಹೋಗುತ್ತಿದ್ದವು. ಇಂಥ ಬಡ ಪ್ರದೇಶಗಳಲ್ಲಿ ಜಮೀನು ಕೊಂಡು ಮರುಹಂಚಲು ಬ್ರಿಟಿಷ್ ಸರ್ಕಾರ 1891ರಲ್ಲಿ ಮಂಡಳಿಯೊಂದನ್ನು ರಚಿಸಿತ್ತು. ಹೆನ್ರಿ ಕೆಲಕಾಲ ಅದರ ಕೂಲಿ ಬಟವಾಡೆ ಮಾಡುತ್ತಿದ್ದರು. ಬಡತನದ ಲೆಕ್ಕ ಅವರಿಗೆ ಗೊತ್ತಿತ್ತು, ಚಿತ್ರಕ್ಕೆ ತರಲಿಲ್ಲ. ನನ್ನ ತಕರಾರು ಇದೊಂದೇ. ಸ್ವತಂತ್ರ ರಾಷ್ಟ್ರಕ್ಕೆ ತನ್ನದೆನ್ನಬಹುದಾದ ಮುಖ ಬೇಕಿತ್ತು. ಈ ಶಾಂತ ಪಶ್ಚಿಮ ಸಿದ್ಧವಾಗಿತ್ತು. ತಮಾಷೆಯೆಂದರೆ, 1920ರ ದಶಕದಲ್ಲಿ ಹೆನ್ರಿ ಬರೆದ ಕಾನೆಮಾರವನ್ನು (ಐರ್ಲೆಂಡಿನ ಪಶ್ಚಿಮದ ಒಂದು ಪ್ರದೇಶ) ಪೋಸ್ಟರ್ ಮಾಡಿ ಊರೂರಿಗೆ ಹಂಚಿದ್ದು ಒಂದು ಬ್ರಿಟಿಷ್ ರೈಲ್ವೆ ಕಂಪನಿ!

ಗಲಭೆಯನ್ನೇ ನೋಡಬೇಕೆಂದರೆ ಐರ್ಲೆಂಡಿನದೇ ಚಿತ್ರಕಾರ ಜ್ಯಾಕ್ ಬಿ. ಯೇಟ್ಸ್ ಇದ್ದಾರೆ. 1914ರಲ್ಲಿ ಡಬ್ಲಿನ್‌ನ ಬ್ಯಾಚಲರ್ಸ್ ವಾಕ್‌ನಲ್ಲಿ ಸೈನಿಕರ ಗುಂಡಿಗೆ ಜನ ಸತ್ತ ಜಾಗದಲ್ಲಿ ಹೂ ಹಾಕುವ ಹುಡುಗಿಯನ್ನು ಅವರು ಮರುವರ್ಷ ಚಿತ್ರಿಸಿದರು.

ಪ್ರಶ್ನೆ: ಹೆನ್ರಿಗೆ ಬಣ್ಣಗುರುಡು ಇತ್ತೆನ್ನುವುದು ನಿಜವೇ?

ಉತ್ತರ: ನಿಜ, ಕೆಂಪು–ಹಸಿರು ಭೇದ ತಿಳಿಯುತ್ತಿರಲಿಲ್ಲ. ಅವರ ಚಿತ್ರ ನಿಂತಿರುವುದು ನೀಲಿ, ಬೂದು, ಕಂದುಗಳ ಮೇಲೆ. 1945ರ ಸುಮಾರಿಗೆ ದೃಷ್ಟಿಯೇ ಹೋಗಿ ಕುಂಚ ಕೆಳಗಿಟ್ಟರು.

ಪ್ರಶ್ನೆ: ಅವರಂತೆ ತೈಲವರ್ಣದಲ್ಲಿ ಮೋಡ ಬರೆಯಲು ಹೋದರೆ ನನ್ನದು ಹತ್ತಿಯ ಉಂಡೆಯಾಗುತ್ತದೆ. ಯಾಕೆ?

ಉತ್ತರ: ಬಿಳಿ ಜಾಸ್ತಿಯಾಗಿದೆ, ಅಂಚುಗಳೆಲ್ಲ ಒಂದೇ ಹದದಲ್ಲಿವೆ. ಸುಮಾರು 30×40 ಸೆಂ.ಮೀ. ಬೋರ್ಡಿಗೆ ಮೊದಲು ತೆಳು ಬೂದು ಬಳಿದು ಒಣಗಿಸಿ. ಬೋರ್ಡನ್ನು ಅಡ್ಡ ಇಟ್ಟು, ತಳದಿಂದ 8–10 ಸೆಂ.ಮೀ. ಎತ್ತರದಲ್ಲಿ ದಿಗಂತ ಎಳೆಯಿರಿ, ಮೇಲಿನದೆಲ್ಲ ಆಕಾಶ. ಅಲ್ಟ್ರಾಮರೀನ್ (ನೀಲಿ), ಬರ್ನ್ಟ್ ಅಂಬರ್ (ಕಡುಕಂದು), ಯೆಲ್ಲೋ ಓಕರ್ (ಮಣ್ಣು ಹಳದಿ), ಟೈಟೇನಿಯಂ ವೈಟ್ (ಬಿಳಿ) ಸಾಕು. (ಇದು ಅಭ್ಯಾಸಕ್ಕೆ ನಮ್ಮ ಸಲಹೆ, ಹೆನ್ರಿಯ ಸ್ವಂತ ಪಟ್ಟಿಯಲ್ಲ.) ನೀಲಿ ಎರಡು ಪಾಲಿಗೆ ಅಂಬರ್ ಒಂದು ಪಾಲು ಬೆರೆಸಿ, ಬಿಳಿ ಕೂಡಿಸುತ್ತಾ ಮೂರು ಬೂದು ಗುಪ್ಪೆ ಮಾಡಿಟ್ಟುಕೊಳ್ಳಿ. ಕಡು ಗುಪ್ಪೆ ಬೆಟ್ಟಕ್ಕೆ, ನಡುವಿನದು ಮೋಡದ ಅಡಿಗೆ, ತಿಳಿಯದು ಮೋಡದ ಮೈಗೆ. ಓಕರ್ ಚೂರು ಬೆರೆತ ಬಿಳಿ ಕೊನೆಗೆ, ಬೆಳಕು ಬೀಳುವ ಒಂದೇ ಕಡೆ. ಒಂದೆರಡು ಅಂಚು ಹರಿತವಾಗಿರಲಿ, ಉಳಿದವು ಆಕಾಶದಲ್ಲಿ ಕರಗಲಿ. ಮೃದು ಕುಂಚದಿಂದ ಪದೇ ಪದೇ ತೀಡಿದರೆ ಎಲ್ಲ ಛಾಯೆ ಕಲೆತು ಕೆಸರಾಗುತ್ತದೆ. ಹಾಕಿದ ಹೊಡೆತವನ್ನು ಬಿಟ್ಟುಬಿಡಿ. ಕೆಳಪದರಕ್ಕೆ ಟರ್ಪೆಂಟೈನ್, ಮೇಲಿನದಕ್ಕೆ ಎಣ್ಣೆ ಹೆಚ್ಚು. ತಿರುವುಮುರುವಾದರೆ ಮೇಲಿನ ಪದರ ಮೊದಲು ಬಿಗಿದು ಬಿರುಕು ಬಿಡುತ್ತದೆ. ಬೆಟ್ಟ ಕಾಗದ ಕತ್ತರಿಸಿ ಅಂಟಿಸಿದಂತೆ ಕಂಡರೆ, ಅದರ ಬುಡಕ್ಕೆ ತಿಳಿ ಗುಪ್ಪೆಯನ್ನು ತೆಳ್ಳಗೆ ಎಳೆಯಿರಿ.