ದಾಳಿಂಬೆ, ಅಮೆರಿಕದ ಸುಂಕ ಮತ್ತು "ಬೇರೆ ದೇಶ ಹಿಡಿತೀವಿ" ಅನ್ನೋ ಮಾತು

ಅಣ್ಣಾರ, ನಿಮ್ಮ ನೌಕರಿ ಪುಣೆಯಲ್ಲಿ, ತೋಟ ಇಂಡಿ ಹತ್ತಿರ, ಬೆಳೆ ಭಗವಾ ತಳಿಯ ದಾಳಿಂಬೆ. ಎಕ್ಸ್‌ಪೋರ್ಟಿನವರ ಏಜೆಂಟ ಬಂದು "ಅಮೆರಿಕ ಸುಂಕ ಏರಿಸಿದೆ, ಅದಕ್ಕೇ ರೇಟು ಬಿತ್ತು, ಮುಂದಿನ ಬಹಾರಿಗೆ (ಬೆಳೆ ಹಂಗಾಮಿಗೆ) ಬೇರೆ ದೇಶ ಹಿಡಿತೀವಿ, ಚಿಂತೆ ಬಿಡ್ರಿ" ಅಂದ, ನಂಬಬಹುದಾ ಅಂತ ಕೇಳಿದ್ದೀರಿ. ನನ್ನ ಹೊಟ್ಟೆಪಾಡು ನವಿ ಮುಂಬೈನ ವಾಶಿಯ ಹಣ್ಣಿನ ಮಾರ್ಕೆಟ್ಟಿನಲ್ಲೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ರೇಟಿನ ವಿಷಯ. ನಮ್ಮ ದಾಳಿಂಬೆಯ ದೊಡ್ಡ ಗಿರಾಕಿ ಅಮೆರಿಕ ಅಲ್ಲವೇ ಅಲ್ಲ. ದುಬೈ ಕಡೆ, ಬಾಂಗ್ಲಾ, ನೇಪಾಳ, ಆಮೇಲೆ ಯುರೋಪು. ಹಡಗಿನಲ್ಲಿ ಭಗವಾ ಅಮೆರಿಕ ಮುಟ್ಟಿದ್ದೇ 2025ರ ಮಾರ್ಚಿನಲ್ಲಿ, ಅದೂ ಸುಮಾರು 14 ಟನ್ನಿನ ಪ್ರಯೋಗದ ಮಾಲು. ಆ ವರ್ಷ ಆಗಸ್ಟ್ 7ಕ್ಕೆ 25 ಪರ್ಸೆಂಟ್, 27ಕ್ಕೆ ಇನ್ನೊಂದು 25 ಸೇರಿ 50 ಆಯ್ತು, ಅದು ನಿಜ. ಆದರೆ ಅಷ್ಟು ಸಣ್ಣ ಬಾಗಿಲು ಮುಚ್ಚಿತು ಅಂತ ಇಂಡಿಯಲ್ಲಿ ರೇಟು ಬೀಳಲ್ಲ. ಬಾಂಗ್ಲಾ ಗಡಿಯಲ್ಲಿ ಲಾರಿ ನಿಂತರೆ ಬೀಳುತ್ತೆ. ಏಜೆಂಟನ ಕೈಗೆ ಪೇಪರಿನಲ್ಲಿ ಬಂದ ಕಾರಣ ಸಿಕ್ಕಿದೆ, ಬಳಸ್ತಾ ಇದ್ದಾನೆ ಅಷ್ಟೆ.

ಇನ್ನೊಂದು ಲೆಕ್ಕ ತಿಳಿದಿರಲಿ. ಅಮೆರಿಕದ ಸುಂಕ ಬೀಳೋದು ಇಲ್ಲಿಂದ ಹಡಗು ಹತ್ತುವಾಗಿನ ಬೆಲೆ ಮೇಲೆ, ಅಲ್ಲಿನ ಅಂಗಡಿಯ ಬೆಲೆ ಮೇಲಲ್ಲ. ಕಟ್ಟೋದು ಅಲ್ಲಿನ ಆಮದುದಾರ. 100 ರೂಪಾಯಿ ಮಾಲಿಗೆ 50 ಕಟ್ಟಿದವನು ಅದರಲ್ಲಿ ಒಂದಿಷ್ಟು ತನ್ನ ಗಿರಾಕಿ ಮೇಲೆ ಹಾಕ್ತಾನೆ, ಒಂದಿಷ್ಟು ತಾನು ನುಂಗ್ತಾನೆ, ಉಳಿದಿದ್ದಕ್ಕೆ ನಮ್ಮ ಎಕ್ಸ್‌ಪೋರ್ಟರಿಗೆ ಫೋನು ಮಾಡ್ತಾನೆ. ಆ ಫೋನು ಕೊನೆಗೆ ನಿಮ್ಮ ತೋಟಕ್ಕೆ ಬರುತ್ತೆ. ಎಷ್ಟು ಭಾಗ ಬರುತ್ತೆ ಅನ್ನೋದು, ಅವನಿಗೆ ಬೇರೆ ಊರಿನ ಮಾಲು ಸಿಗುತ್ತಾ, ನಿಮಗೆ ಬೇರೆ ಗಿರಾಕಿ ಇದ್ದಾನಾ, ಇವೆರಡರ ಮೇಲೆ ನಿಂತಿದೆ.

ಗಿರಾಕಿ ದಾರಿ ಬದಲಿಸೋದನ್ನ ನೋಡಬೇಕಂದ್ರೆ ವಾಶಿಯ ಸೇಬಿನ ಗಾಳಾ, ಅಂದ್ರೆ ಮಳಿಗೆ, ಸಾಕು. 2019ರ ಜೂನಿನಲ್ಲಿ ಅಮೆರಿಕದ ಸೇಬಿಗೆ ನಾವೇ ಮೊದಲಿನ 50ರ ಮೇಲೆ ಇನ್ನೂ 20 ಹಾಕಿದ್ವಿ. ವಾಷಿಂಗ್ಟನ್ ಪೆಟ್ಟಿಗೆ ಇದ್ದ ಜಾಗಕ್ಕೆ ಟರ್ಕಿ, ಇರಾನ್, ಇಟಲಿ ಪೆಟ್ಟಿಗೆ ಬಂದು ಕೂತವು. 2023ರ ಸೆಪ್ಟೆಂಬರಿನಲ್ಲಿ ಆ 20 ತೆಗೆದ್ವಿ, ವಾಷಿಂಗ್ಟನ್ ವಾಪಸ್ ಬಂತು, ಆದರೆ ಅಷ್ಟರಲ್ಲಿ ವ್ಯಾಪಾರಿಗಳ ಡೈರಿಯಲ್ಲಿ ಬೇರೆ ನಂಬರುಗಳು ಸೇರಿಬಿಟ್ಟಿದ್ದವು. ಆ ನಂಬರುಗಳೂ ಶಾಶ್ವತ ಅಲ್ಲ ಅನ್ನಿ. 2025ರ ಮೇ ತಿಂಗಳಲ್ಲಿ ನಿಮ್ಮ ಪುಣೆ ಮಾರ್ಕೆಟ್ ಯಾರ್ಡಿನವರೇ ಟರ್ಕಿ ಸೇಬು ಬೇಡ ಅಂದರು, ಅದಕ್ಕೆ ಸುಂಕ ಕಾರಣವೇ ಅಲ್ಲ. ದೊಡ್ಡ ಮಟ್ಟದಲ್ಲೂ ಇದೇ ಕಥೆ. 2018ರಲ್ಲಿ ಚೀನಾ ಅಮೆರಿಕದ ಸೋಯಾಬೀನಿಗೆ 25 ಹಾಕಿ ಬ್ರೆಜಿಲ್ ಕಡೆ ತಿರುಗಿತು. ಅಮೆರಿಕ-ಚೀನಾ ಒಪ್ಪಂದ ಆದಮೇಲೂ ಬ್ರೆಜಿಲ್ ಜಾಗ ಬಿಟ್ಟುಕೊಡಲಿಲ್ಲ.

ಮಾರೋರಿಗೆ ಇದು ಅಷ್ಟು ಸಲೀಸಲ್ಲ. ಏಜೆಂಟ ಮುಚ್ಚಿಡೋದು ಇದನ್ನೇ. 2020ರಲ್ಲಿ ಚೀನಾ ಆಸ್ಟ್ರೇಲಿಯಾದ ಬಾರ್ಲಿಗೆ 80.5 ಪರ್ಸೆಂಟ್ ಹಾಕಿತು, ಅದೇ ವರ್ಷದ ಕೊನೆಗೆ ವೈನಿಗೂ ಬಿತ್ತು, ಅದು 200 ದಾಟಿತು. ಬಾರ್ಲಿಯವರು ಸೌದಿ ಮತ್ತಿತರ ಕಡೆ ಹಡಗು ತಿರುಗಿಸಿ ಬದುಕಿಕೊಂಡರು. ಕಾಳು ಕಾಳೇ, ಯಾವ ದನಕ್ಕಾದರೂ ಹಾಕಬಹುದು. ವೈನಿನವರಿಗೆ ಹಾಗಾಗಲಿಲ್ಲ. ಚೀನಾದ ನಾಲಿಗೆಗೆ ಅಂತ ಕೆಂಪು ದ್ರಾಕ್ಷಿ ಹಾಕಿದ್ದವರ ಮಾಲು ಟ್ಯಾಂಕುಗಳಲ್ಲೇ ಉಳಿತು, ಬಳ್ಳಿ ಕಿತ್ತು ಹಾಕಿದವರೂ ಇದ್ದಾರೆ. 2024ರ ಮಾರ್ಚಿನಲ್ಲಿ ಆ ಸುಂಕ ಹೋಗೋವರೆಗೆ ಅವರಿಗೆ ಬದಲಿ ಗಿರಾಕಿ ಸರಿಯಾಗಿ ಸಿಗಲೇ ಇಲ್ಲ. ದಾಳಿಂಬೆ ಬಾರ್ಲಿಗಿಂತ ವೈನಿಗೇ ಹತ್ತಿರ ಅಂತ ನನ್ನ ಲೆಕ್ಕ.

ಯಾಕಂದ್ರೆ ಹಣ್ಣಿಗೆ ಒಂದೊಂದು ದೇಶದ್ದು ಒಂದೊಂದು ಹಟ. ಅಮೆರಿಕಕ್ಕೆ ಹೋಗೋ ಮಾವು, ದಾಳಿಂಬೆಗೆ ಹುಳದ ಕಾಟ ಹೋಗಲಿ ಅಂತ ವಿಕಿರಣ ಕೊಡಿಸಬೇಕು, ಇಲ್ಲಿ ವಾಶಿಯಲ್ಲೇ ರಾಜ್ಯದ ಕೃಷಿ ಮಾರಾಟ ಮಂಡಳಿಯ ಘಟಕ ಇದೆ. ಜಪಾನಿಗೆ ಹೋಗೋ ಮಾವಿಗೆ ಬಿಸಿ ಹಬೆ ಹಿಡಿಸಬೇಕು. ಯುರೋಪಿನವರಿಗೆ ಹಣ್ಣಿನಲ್ಲಿ ಉಳಿಯೋ ಸಿಂಪಡಣೆ ಔಷಧಿ ಅಂಶದ್ದೇ ಚಿಂತೆ. 2010ರಲ್ಲಿ ನಮ್ಮ ದ್ರಾಕ್ಷಿಯಲ್ಲಿ ಬಳ್ಳಿಯ ಬೆಳವಣಿಗೆ ತಡೆಯೋ ಕ್ಲೋರ್ಮೆಕ್ವಾಟ್, ಅಂದ್ರೆ ನಮ್ಮವರು ಸಿಸಿಸಿ ಅಂತೀವಲ್ಲ ಅದು, ಸಿಕ್ಕಿ ಕಂಟೇನರುಗಳು ಅಲ್ಲೇ ಸಿಕ್ಕಿಬಿದ್ದವು. ಸುಂಕಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.

ಸರ್ಕಾರಗಳು ಬಾಗಿಲು ತೆಗೆಸ್ತಾ ಇವೆ, ಅದನ್ನ ಇಲ್ಲ ಅನ್ನಲ್ಲ. ದುಬೈ ಕಡೆ ಒಪ್ಪಂದ 2022ರ ಮೇ ತಿಂಗಳಿಂದ ಜಾರಿಯಲ್ಲಿದೆ, ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿ ಆಯ್ತು. 2007ರಲ್ಲಿ ಶುರುವಾಗಿ ನಡುವೆ ವರ್ಷಗಟ್ಟಲೆ ಮಲಗಿದ್ದ ಯುರೋಪಿನ ಮಾತುಕತೆ 2026ರ ಜನವರಿಯಲ್ಲಿ ಮುಗೀತು. ಅಮೆರಿಕದ ಒತ್ತಡ ಇಲ್ಲದಿದ್ದರೆ ಎರಡೂ ಕಡೆಯವರು ಇಷ್ಟು ಅವಸರ ಮಾಡ್ತಿರಲಿಲ್ಲ ಅನ್ಸುತ್ತೆ. ಆದರೆ ಒಪ್ಪಂದದಿಂದ ಇಳಿಯೋದು ಸುಂಕ. ಕಾಯಿಯಲ್ಲಿರೋ ಔಷಧಿ ಇಳಿಯಲ್ಲ.

ಹಾಗಾಗಿ ಕೆಲಸ ಈಗಿಂದಲೇ ತೋಟದಲ್ಲಿ. ತಾಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ ಅನಾರ್‌ನೆಟ್ (ರಫ್ತಿನ ದಾಳಿಂಬೆ ತೋಟಗಳ ಸರ್ಕಾರಿ ದಾಖಲೆ) ನೋಂದಣಿ ವಿಚಾರಿಸಿ, ನಿಮ್ಮ ಹೆಸರಲ್ಲೇ ಮಾಡಿಸಿ. ಎಕ್ಸ್‌ಪೋರ್ಟರ್ ಮಾಡಿಸಿಕೊಡ್ತೀನಿ ಅಂದ್ರೂ ನಂಬರು ಮತ್ತು ಕಾಗದ ನಿಮ್ಮ ಬಳಿ ಇರಲಿ, ನಾಳೆ ಬೇರೆಯವನಿಗೆ ಮಾಲು ಕೊಡೋಕೆ ಅದೇ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಔಷಧಿಯ ಒಳಗಿನ ರಾಸಾಯನಿಕದ ಹೆಸರು, ಪ್ರಮಾಣ, ಕಟಾವಿಗೆ ಎಷ್ಟು ದಿನ ಮುಂಚೆ ಅಂತ ಬರೀರಿ, ಬಿಲ್ಲು ಅಲ್ಲೇ ಅಂಟಿಸಿ. ಅಂಗಮಾರಿ ಅನ್ನೋ ದುಂಡಾಣು ರೋಗ ಕಂಡ ಕೂಡಲೇ ಸ್ಟ್ರೆಪ್ಟೊಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಪೊಟ್ಟಣ ಒಡೆಯೋ ಚಾಳಿ ನಮ್ಮ ಕಡೆ ಇದೆ. ಯುರೋಪಿನ ಆಸೆ ಇದ್ರಂತೂ ಅದನ್ನ ಮುಟ್ಟಲೇಬೇಡಿ, ರೋಗದ ಕೊಂಬೆ ಕತ್ತರಿಸಿ ಸುಡೋದು, ಕತ್ತರಿಯನ್ನ ರೋಗಾಣು ಸಾಯಿಸೋ ದ್ರಾವಣದಲ್ಲಿ ಅದ್ದಿ ತೊಳೆಯೋದು, ಇದರಲ್ಲೇ ಹತೋಟಿ ಹುಡುಕಿ.

ಏಜೆಂಟನ ಹತ್ತಿರ "ಬೇರೆ ದೇಶ" ಅಂದ್ರೆ ಯಾವ ದೇಶ, ಯಾವ ತಿಂಗಳು ಅಂತ ಕೇಳಿ. ಕ್ಯಾಲಿಫೋರ್ನಿಯಾದವರ ಸ್ವಂತ ದಾಳಿಂಬೆ ಅಕ್ಟೋಬರಿನಿಂದ ಡಿಸೆಂಬರ್ ತನಕ ಬರುತ್ತೆ, ಆಗ ಅಮೆರಿಕದ ಮಾತಾಡೋನು ಸುಮ್ಮನೆ ಮಾತಾಡ್ತಿದ್ದಾನೆ ಅಂತಲೇ ಅರ್ಥ. ಅಲ್ಲಿ ರಿಜೆಕ್ಟ್ ಆದ್ರೆ ನಷ್ಟ ಯಾರದ್ದು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ನನ್ನ ಸಲಹೆ, ತೋಟದಲ್ಲೇ ತೂಕ, ತೂಕಕ್ಕೆ ದುಡ್ಡು. ಸುಂಕದ ಏರಿಳಿತ ಅವನ ಪಾಲಿಗೆ ಇರಲಿ. 50 ಇದ್ದದ್ದು 2026ರ ಫೆಬ್ರವರಿಯಲ್ಲಿ 18 ಅಂತ ಘೋಷಣೆ ಆಯ್ತು. ಹಡಗು ನ್ಯೂಯಾರ್ಕ್ ಮುಟ್ಟೋಕೆ ಐದು ವಾರ ಬೇಕು, ಅಷ್ಟರಲ್ಲಿ ಏನಾಗುತ್ತೋ ಯಾರಿಗೆ ಗೊತ್ತು. ಪೂರ್ತಿ ತೋಟ ಒಬ್ಬನಿಗೇ ಮಾತು ಕೊಡಬೇಡಿ. ಒಂದು ಪಾಲು ಸೊಲ್ಲಾಪುರಕ್ಕೋ ಇಲ್ಲಿಗೋ ಬರಲಿ, ಲೋಕಲ್ ರೇಟು ನಿಮ್ಮ ಕಣ್ಣಿಗೆ ಕಾಣುತ್ತೆ.

ಈ ಬಹಾರಿಗೆ ಇದುವರೆಗೆ ಏನೇನು ಹೊಡೆದಿದ್ದೀರಿ ಅನ್ನೋದರ ಫೋಟೋ ಇಲ್ಲೇ ಹಾಕಿ. ಯಾವುದು ಯಾವ ದೇಶಕ್ಕೆ ಅಡ್ಡಿ ಅಂತ ಗುಂಪಿನಲ್ಲಿ ದ್ರಾಕ್ಷಿ ಬೆಳೆಯೋ ಹಿರಿಯರೂ ಇದ್ದಾರೆ, ನೋಡಿ ಹೇಳ್ತಾರೆ.