ನಮ್ಮೆಜಮಾನ್ರ ಕೋರ್ಸಿನವರು

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಮುಖ್ಯ ಭಾಗ ಇದು:

"ನಮ್ಮೆಜಮಾನ್ರು ಸೈನ್ಯದಲ್ಲಿ ಕರ್ನಲ್ ಆಗಿದ್ದು ರಿಟೈರ್ ಆದವರು. ಸರ್ವಿಸಿನಲ್ಲಿದ್ದಾಗ ನನ್ನ ಎರಡು ಹೆರಿಗೆಗೂ ರಜೆ ಸಿಗಲಿಲ್ಲ. ಈಗ ಎನ್‌ಡಿಎ (ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಸೇರಿ ಐವತ್ತು ವರ್ಷ ಆಯ್ತು ಅಂತ ಕೋರ್ಸಿನವರೆಲ್ಲ, ಅಂದರೆ ಅವರ ಜೊತೆ ಸೇರಿದ ಬ್ಯಾಚಿನವರೆಲ್ಲ, ಖಡಕ್‌ವಾಸ್ಲಾದಲ್ಲಿ ಸೇರುತ್ತಿದ್ದಾರೆ. ಅದೇ ವಾರ ಮೊಮ್ಮಗಳ ನಾಮಕರಣ. ನೆಂಟರ ಮದುವೆಗೆ ಕರೆದರೆ ಮಂಡಿನೋವು ಅನ್ನುವ ಮನುಷ್ಯ, ಕೋರ್ಸಿನವರು ಕರೆದರೆ ಎದ್ದು ಓಡುತ್ತಾರೆ. ಅವರ ಜೊತೆ ಇದ್ದದ್ದು ಮೂರೇ ವರ್ಷ. ನಲವತ್ತು ವರ್ಷದಿಂದ ಜೊತೆಗಿರುವ ನಾನು ಯಾರು? ನನ್ನನ್ನೂ ಬಾ ಅಂತಾರೆ. ಹೋಗಿ ನಾನೇನು ಮಾಡಲಿ?"

ಮೇಡಂ, ನಮಸ್ಕಾರ.

ನಾಮಕರಣದ ವಿಷಯ ಮೊದಲು ಮುಗಿಸೋಣ. ಬೇರೆ ಮುಹೂರ್ತ ನೋಡಿಸಿ. ಮಗುವಿಗೇನೂ ಅವಸರವಿಲ್ಲ. ಈ ವಯಸ್ಸಿನವರ ಕೂಟವನ್ನು ಮುಂದಿನ ವರ್ಷಕ್ಕೆ ಹಾಕಿದರೆ ಬರುವವರ ಸಂಖ್ಯೆ ಕಡಿಮೆಯೇ ಆಗುತ್ತದೆ, ಅಲ್ವಾ? ಆದರೆ ಮಗಳಿಗೂ ಬೀಗರಿಗೂ ಫೋನ್ ಮಾಡಿ ಒಪ್ಪಿಸುವ ಡ್ಯೂಟಿ ಕರ್ನಲ್ ಸಾಹೇಬರದ್ದು. ಅದನ್ನು ನೀವು ಮೈಮೇಲೆ ಹಾಕಿಕೊಳ್ಳಬೇಡಿ.

ಇನ್ನು "ಮೂರೇ ವರ್ಷ" ಅಂದಿರಲ್ಲ, ಅದಕ್ಕೆ ಬರುತ್ತೇನೆ. ಆ ಮೂರು ವರ್ಷವನ್ನು ಕಾಲೇಜಿನ ಮೂರು ವರ್ಷದ ಲೆಕ್ಕದಲ್ಲಿ ನೋಡಬೇಡಿ. ಪುಣೆ ಹತ್ತಿರದ ಆ ಅಕಾಡೆಮಿಗೆ ಹುಡುಗರು ಹೋಗುವುದು ಹದಿನಾರರಿಂದ ಹತ್ತೊಂಬತ್ತರೊಳಗಿನ ವಯಸ್ಸಿಗೆ. ಹೋದ ಕೂಡಲೇ ತಲೆಕೂದಲು ಹೋಗುತ್ತದೆ. ಆಮೇಲೆ ಒಂದು ಸ್ಕ್ವಾಡ್ರನ್‌ಗೆ, ಅಂದರೆ ಒಟ್ಟಿಗೆ ವಾಸಿಸುವ ಒಂದು ತಂಡಕ್ಕೆ, ಹಾಕುತ್ತಾರೆ. ಊರು, ಭಾಷೆ, ಜಾತಿ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಹಿಂದಿ ಬಾರದ ಹಾಸನದ ಹುಡುಗನ ಪಕ್ಕದ ಕೋಣೆಯಲ್ಲಿ ಮಣಿಪುರದವನೋ ಹರಿಯಾಣದವನೋ ಇರುತ್ತಾನೆ. ಆರು ಟರ್ಮ್ ಹೀಗೆ. ಬೆಳಗಾಗುವ ಮುಂಚೆ ಎದ್ದು ಓಟ, ಡ್ರಿಲ್, ಕ್ಲಾಸಿನಿಂದ ಕ್ಲಾಸಿಗೆ ಸಾಲುಸಾಲಾಗಿ ಸೈಕಲ್. ಡ್ರಿಲ್ ಸ್ಕ್ವೇರ್ ಟೆಸ್ಟ್ ಪಾಸಾಗುವ ತನಕ ಗೇಟಿನಾಚೆ ಪುಣೆ ಪೇಟೆಯ ಮುಖ ನೋಡುವ ಹಾಗಿಲ್ಲ. ಸಣ್ಣ ತಪ್ಪಿಗೂ ರಗ್ಡಾ, ಅಂದರೆ ಬೆವರಿಳಿಸುವ ಶಿಕ್ಷೆ. ಜಾಸ್ತಿಯಾದರೆ ಸಿಂಹಗಡದ ಕೋಟೆ ಹತ್ತಿ ಇಳಿಯಬೇಕು.

ಇದರಲ್ಲೊಂದು ಹೂಟ ಇದೆ. ತಪ್ಪು ಮಾಡುವವನು ಒಬ್ಬ, ಉರುಳುಸೇವೆ ಕೋರ್ಸಿಗೆಲ್ಲ. ಒಬ್ಬನ ಬೂಟು ಹೊಳೆಯದಿದ್ದರೆ ಎಲ್ಲರೂ ಫ್ರಂಟ್ ರೋಲ್ ಹೊಡೆಯಬೇಕು. ಹಾಗಾಗಿ ತಾನು ಚೆನ್ನಾಗಿದ್ದರೆ ಸಾಕು ಎಂದು ಬದುಕುವುದಕ್ಕೇ ಆಗುವುದಿಲ್ಲ. ಓಟದಲ್ಲಿ ಹಿಂದೆ ಬಿದ್ದವನ ರೈಫಲ್ ಇನ್ನೊಬ್ಬ ಹೊರುತ್ತಾನೆ. ಇಂಗ್ಲಿಷ್ ಬಾರದವನಿಗೆ ಬಂದವನು ರಾತ್ರಿ ಕೂತು ಹೇಳಿಕೊಡುತ್ತಾನೆ. ಆ ಶಿಕ್ಷೆಗಳೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ರಗ್ಡಾದ ಕಥೆ ಹೇಳುವಾಗ ಈ ಹಿರಿಯರು ನಗುವಷ್ಟು ನಗು ಕೇಳುವವರಿಗೆ ಎಷ್ಟೋ ಸಲ ಬರುವುದಿಲ್ಲ. ಆದರೆ ಅದು ಮಾಡುವ ಕೆಲಸವನ್ನಂತೂ ಮಾಡಿಬಿಡುತ್ತದೆ.

ಆದ್ದರಿಂದಲೇ ಕೋರ್ಸ್‌ಮೇಟ್‌ಗಳನ್ನು ಗೆಳೆಯರ ಲೆಕ್ಕಕ್ಕೆ ಹಾಕಿದರೆ ನಿಮಗೆ ಅರ್ಥವಾಗುವುದಿಲ್ಲ. ಗೆಳೆಯರನ್ನು ನಾವು ಆರಿಸಿಕೊಳ್ಳುತ್ತೇವೆ. ಇವರು ದಾಯಾದಿಗಳ ಹಾಗೆ, ಯಾರೂ ಆರಿಸಿಕೊಂಡು ಬಂದದ್ದಲ್ಲ. ಕೆಲವರನ್ನು ಕಂಡರೆ ಆಗುವುದೇ ಇಲ್ಲ. ಆದರೂ ಅಂಥವನೊಬ್ಬ ಸೇನೆಯ ಕಮಾಂಡ್ ಆಸ್ಪತ್ರೆಯಲ್ಲಿದ್ದಾನೆ ಎಂದು ಗೊತ್ತಾದರೆ ಅದೇ ಊರಿನಲ್ಲಿರುವವನು ಹೋಗಲೇಬೇಕು. ಹೋಗದಿದ್ದರೆ ಉಳಿದವರು ಬಿಡುವುದಿಲ್ಲ.

ಈ ಸಂಬಂಧಕ್ಕೆ ನಿಜವಾದ ಪರೀಕ್ಷೆ ಬರುವುದು ನಡುವಯಸ್ಸಿನಲ್ಲಿ. ಒಂದೇ ದಿನ ಹೆಗಲಿಗೆ ನಕ್ಷತ್ರ ಹಾಕಿಕೊಂಡವರು ಒಂದೇ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ. ಮೇಲೆ ಹೋದಷ್ಟೂ ಜಾಗ ಕಡಿಮೆ. ಹೆಚ್ಚಿನವರು ಕರ್ನಲ್ ಅಥವಾ ಅದಕ್ಕಿಂತ ಕೆಳಗೆ ನಿಲ್ಲುತ್ತಾರೆ, 54ಕ್ಕೆ ಮನೆಗೆ ಬರುತ್ತಾರೆ. ಕೆಲವರು ಬ್ರಿಗೇಡಿಯರ್, ಬೆರಳೆಣಿಕೆಯವರು ಜನರಲ್. ನಿನ್ನೆ ಮೊನ್ನೆ ಒಂದೇ ಸೋಪು ಹಂಚಿಕೊಂಡವನಿಗೆ ಇವತ್ತು ಆಫೀಸಿನಲ್ಲಿ ಸೆಲ್ಯೂಟ್ ಹೊಡೆದು ಸರ್ ಎನ್ನಬೇಕು. ಆ ಕಾಲದಲ್ಲಿ ಕೂಟಗಳಿಗೆ ಬಾರದವರು ಬಹಳ. ಪ್ರಮೋಷನ್ ತಪ್ಪಿದವನು ಏನಾದರೊಂದು ನೆಪ ಹೇಳುತ್ತಾನೆ. ರಿಟೈರ್ ಆಗಿ ಕೆಲವು ವರ್ಷ ಕಳೆದ ಮೇಲೆ ಮತ್ತೆ ಬರತೊಡಗುತ್ತಾನೆ. ಆಗ ಜನರಲ್ಲನಿಗೂ ಸಕ್ಕರೆ ಕಾಯಿಲೆ, ಕರ್ನಲ್ಲನಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕ್ಲಿನಿಕ್ಕಿನಲ್ಲಿ ಒಂದೇ ಮಾತ್ರೆಗೆ ಕ್ಯೂ ನಿಲ್ಲುತ್ತಾರೆ. ನಿಮ್ಮ ಯಜಮಾನರ ಓಡಾಟ ಈಗ ಜಾಸ್ತಿಯಾದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಸುಮ್ನೆ ಒಮ್ಮೆ ಕೇಳಿ ನೋಡಿ.

ಮೇಲೇರಿದವರ ಕಥೆಗಳು ಪತ್ರಿಕೆಗಳಲ್ಲಿ ಬರುತ್ತವೆ. 2019ರ ಕೊನೆಗೆ ಭೂಸೇನೆಗೆ ನರವಣೆ, ನೌಕಾಸೇನೆಗೆ ಕರಮ್‌ಬೀರ್ ಸಿಂಗ್, ವಾಯುಸೇನೆಗೆ ಭದೌರಿಯಾ ಮುಖ್ಯಸ್ಥರಾಗಿದ್ದರು. ಮೂವರೂ ಎನ್‌ಡಿಎಯ 56ನೇ ಕೋರ್ಸಿನವರು. 1991ರಲ್ಲಿ ರೋಡ್ರಿಗಸ್, ರಾಮದಾಸ್, ಸೂರಿ ಹೀಗೇ ಇದ್ದರು. ಅವರದ್ದು 1949ರ ಮೊದಲ ಕೋರ್ಸು, ಆಗ ಅಕಾಡೆಮಿ ಇನ್ನೂ ಡೆಹ್ರಾಡೂನಿನಲ್ಲಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೂ ಹಳೆಯ ಒಂದು ಕೋರ್ಸು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರಲ್ಲಿ ಶುರುವಾದಾಗ ಮೊದಲ ಕೋರ್ಸಿನಲ್ಲಿ ಇದ್ದದ್ದು 40 ಜನ. ಅವರಲ್ಲಿ ಮಾಣೆಕ್‌ಷಾ ಒಬ್ಬರು. ಮೊಹಮ್ಮದ್ ಮೂಸಾ ಇನ್ನೊಬ್ಬರು. ಬರ್ಮಾದ ಸ್ಮಿತ್ ಡನ್ ಮತ್ತೊಬ್ಬರು. ದೇಶ ಒಡೆಯಿತು, ಬರ್ಮಾ ಬೇರೆಯಾಗಿತ್ತು. ಡನ್ 1948ರಲ್ಲಿ ಸ್ವತಂತ್ರ ಬರ್ಮಾದ ಸೇನೆಗೆ ಮುಖ್ಯಸ್ಥರಾದರು. ಮೂಸಾ 1958ರಲ್ಲಿ ಪಾಕಿಸ್ತಾನದ ಸೇನೆಗೆ, ಮಾಣೆಕ್‌ಷಾ 1969ರಲ್ಲಿ ನಮ್ಮ ಸೇನೆಗೆ. 1965ರ ಯುದ್ಧ ನಡೆದಾಗ ಮೂಸಾ ಆ ಕಡೆ ಸೇನಾ ಮುಖ್ಯಸ್ಥ, ಮಾಣೆಕ್‌ಷಾ ಈ ಕಡೆ ಪೂರ್ವದ ಕಮಾಂಡರ್. ಒಂದೇ ಮೈದಾನದಲ್ಲಿ ಡ್ರಿಲ್ ಕಲಿತವರು ಎದುರುಬದುರು ಸೇನೆಗಳಲ್ಲಿ. ಅವರ ಐವತ್ತು ವರ್ಷದ ಕೂಟಕ್ಕೆ ವೀಸಾ ಬೇಕಾಗುತ್ತಿತ್ತು. ನಿಮ್ಮ ಯಜಮಾನರಿಗೆ ಪುಣೆ ಟಿಕೆಟ್ ಸಾಕಲ್ಲ!

ಮೇಲೇರದವರ ಮಾತೂ ಹೇಳಬೇಕು, ಯಾಕೆಂದರೆ ಕೋರ್ಸ್ ಅನ್ನುವುದರ ಬೆಲೆ ಗೊತ್ತಾಗುವುದು ಅಲ್ಲಿಯೇ. ಯಾವುದೋ ಪರೀಕ್ಷೆಯಲ್ಲಿ ಫೇಲಾಗಿಯೋ ಕಾಲು ಮುರಿದೋ ಆರು ತಿಂಗಳು ಹಿಂದಕ್ಕೆ ಬಿದ್ದವನನ್ನು ರೆಲಿಗೇಟ್ ಆದವನು ಎನ್ನುತ್ತಾರೆ. ಅವನು ಜೂನಿಯರ್ ಕೋರ್ಸಿನ ಜೊತೆ ಪಾಸಾಗುತ್ತಾನೆ. ಆದರೆ ವಯಸ್ಸಾದ ಮೇಲೆ ಎರಡೂ ಕೋರ್ಸಿನವರು ಅವನನ್ನು ನಮ್ಮವನು ಎಂದು ಕರೆಯುತ್ತಾರೆ, ಎರಡೂ ಕಡೆ ಊಟ. ತರಬೇತಿಯಲ್ಲೇ ದೊಡ್ಡ ಪೆಟ್ಟಾಗಿ ಮೆಡಿಕಲ್ ಬೋರ್ಡಿನಿಂದ ಮನೆಗೆ ಹೋದ ಹುಡುಗರದ್ದು ಬೇರೆ ಕಥೆ. ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಸಿಗದ ಕಾರಣಕ್ಕೆ ಅವರು ಮಾಜಿ ಸೈನಿಕರ ಪಟ್ಟಿಗೇ ಬರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಈ ವಿಷಯ ಎತ್ತಿಕೊಂಡಿತು, ಆಮೇಲಷ್ಟೇ ಅವರಿಗೆ ಇಸಿಎಚ್‌ಎಸ್ ಸಿಕ್ಕಿತು. ಕೋರ್ಸಿನ ಪಟ್ಟಿ ಅಂತಾದರೆ ಸೇರಿದ ದಿನದಿಂದಲೇ ಲೆಕ್ಕ. ಸರ್ಕಾರ ಬಿಟ್ಟ ಹೆಸರನ್ನು ಅಲ್ಲಿ ಬಿಡಬೇಕಾಗಿಲ್ಲ.

ಆಮೇಲೆ ಸತ್ತವರು. ಶ್ರೀಲಂಕಾಗೆ ಶಾಂತಿಪಾಲನೆಗೆ ಹೋಗಿ 1987ರಿಂದ 1990ರೊಳಗೆ ನಮ್ಮ ಸುಮಾರು 1200 ಸೈನಿಕರು ಸತ್ತರು. ಆಗ ನಿಮ್ಮ ಯಜಮಾನರ ವಯಸ್ಸಿನವರು ಕ್ಯಾಪ್ಟನ್, ಮೇಜರ್. ಎನ್‌ಡಿಎಯಲ್ಲಿ ಹಟ್ ಆಫ್ ರಿಮೆಂಬ್ರೆನ್ಸ್ ಅಂತ ಒಂದು ಕಟ್ಟಡ ಇದೆ. ಅಲ್ಲಿ ಕಲಿತು ಯುದ್ಧದಲ್ಲಿ ಸತ್ತವರ ಹೆಸರುಗಳು ಅಲ್ಲಿವೆ. ಕೂಟಕ್ಕೆ ಬಂದವರು ಹೂವು ಇಟ್ಟು ಬರುವುದು ಅಲ್ಲಿಗೆ. ನಿಮ್ಮ ಯಜಮಾನರು ಮನೆಯಲ್ಲಿ ಹೇಳದ ಯಾವುದಾದರೂ ಹೆಸರು ಅಲ್ಲಿ ಇದ್ದೀತು. ಇದ್ದರೆ ನೀವು ಪಕ್ಕದಲ್ಲಿ ಇರುವುದು ಒಳ್ಳೆಯದು.

ಹಾಗಂತ ನಿಮ್ಮ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಕೋರ್ಸಿನವರ ನಡುವೆ ಮಾತ್ರ ಆರಾಮಾಗಿರುವ, ಬೀದಿಯವರ ಹೆಸರೇ ಗೊತ್ತಿಲ್ಲದ ಎಷ್ಟೋ ಮಾಜಿ ಅಧಿಕಾರಿಗಳು ಬೆಂಗಳೂರು ಮೈಸೂರಿನಲ್ಲಿದ್ದಾರೆ. ಹಳೆಯ ಅಡ್ಡಹೆಸರುಗಳ ಜೊತೆ ಬದುಕುವುದು ಸುಲಭ. ಹೊಸ ನೆಂಟಸ್ತನಕ್ಕೆ ಕಷ್ಟಪಡಬೇಕು. ಎದ್ದು ಖಡಕ್‌ವಾಸ್ಲಾಗೆ ಹೋಗುವ ಮಂಡಿ ನಿಮ್ಮ ಅಣ್ಣನ ಮಗನ ಮದುವೆಗೂ ಹೋಗಬಲ್ಲದು. ಇದನ್ನು ಅವರಿಗೇ ಓದಿ ಹೇಳಿ. ಅಂದ ಹಾಗೆ, 2025ರ ಮೇ ತಿಂಗಳಲ್ಲಿ 17 ಹುಡುಗಿಯರು ಮೊದಲ ಸಲ ಎನ್‌ಡಿಎ ಮುಗಿಸಿ ಹೊರಬಂದರು. ಅವರ ಕೂಟದ ಕಾಲಕ್ಕೆ ಪತ್ರಿಕೆಗಳಿಗೆ ಯಾವ ಗಂಡಂದಿರು ಪತ್ರ ಬರೆಯುತ್ತಾರೋ ನೋಡಬೇಕು.

ಹೋಗಿ ನಾನೇನು ಮಾಡಲಿ ಅಂದಿರಿ. ಹೆಂಡತಿಯರ ಜೊತೆ ಕೂರಿ. ಗಂಡನನ್ನು ಕಳೆದುಕೊಂಡವರು ಬಂದಿದ್ದರೆ ಅವರ ಪಕ್ಕ ಕೂರಿ. ಕೋರ್ಸುಗಳು ಅವರನ್ನು ಕರೆಯುವುದು ನಿಲ್ಲಿಸುವುದಿಲ್ಲ. ಫ್ಯಾಮಿಲಿ ಪಿಂಚಣಿಗೆ ಓಡಾಡಿದ್ದು ಯಾರು, ಯಾವ ಕಾಗದ ಇಲ್ಲದೆ ತಿಂಗಳುಗಟ್ಟಲೆ ನಿಂತಿತು ಎಂದು ಅವರಷ್ಟು ಸರಿಯಾಗಿ ಹೇಳುವವರು ಇಲ್ಲ. ಯಾವ ಊರಿಗೆ ಯಾವ ಕೋರ್ಸ್‌ಮೇಟ್ ಫೋನ್ ಎತ್ತುತ್ತಾನೆ ಎನ್ನುವುದೂ ಅವರಿಗೇ ಗೊತ್ತು. ಆ ನಂಬರುಗಳು ಯಜಮಾನರ ಮೊಬೈಲಿನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ನಿಮ್ಮದರಲ್ಲೂ ಇರಲಿ. ಹೊರಡುವ ಮುಂಚೆ ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯಾ ಎಂದು ಯಜಮಾನರ ಜೊತೆ ಕೂತು ನೋಡಿ. ಅಕ್ಷರ ವ್ಯತ್ಯಾಸ ಇದ್ದರೆ ಈಗಲೇ ಸರಿಮಾಡಿಸಿ. ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

— ಸಂ.