ಪ್ಲೇಟ್‌ಲೆಟ್ ಇಳಿದಿದೆ, ಕಾಯಿಲೆ ಇರುವುದು ಕರುಳಿನಲ್ಲಿ

ಪ್ರಶ್ನೆ: ನನ್ನ ಮಗಳಿಗೆ ಇಪ್ಪತ್ತೊಂಬತ್ತನೇ ವಾರದಲ್ಲೇ ಹೆರಿಗೆಯಾಯಿತು. ಮಗುವಿನ ತೂಕ 1,100 ಗ್ರಾಂ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಹೊಟ್ಟೆ ಉಬ್ಬಿತು, ಹಸಿರು ವಾಂತಿಯಾಯಿತು, ಮಲದಲ್ಲಿ ರಕ್ತ ಬಂತು. ಕರುಳಿನ ಗಂಭೀರ ಕಾಯಿಲೆ ಎಂದು ಹಾಲು ನಿಲ್ಲಿಸಿದ್ದಾರೆ. 1,80,000 ಇದ್ದ ಪ್ಲೇಟ್‌ಲೆಟ್ ಎರಡೇ ದಿನದಲ್ಲಿ 42,000ಕ್ಕೆ ಇಳಿದಿದೆ. ಆದರೂ ಪ್ಲೇಟ್‌ಲೆಟ್ ಕೊಡದೆ ‘ಕಾದು ನೋಡೋಣ’ ಎನ್ನುತ್ತಾರೆ. ನನ್ನ ಗಂಡುಮಕ್ಕಳು ರಕ್ತ ಕೊಡಲು ಸಿದ್ಧರಿದ್ದಾರೆ. ಮಗುವಿಗೆ ರಕ್ತದ ಕಾಯಿಲೆಯೂ ಇದೆಯೇ? ಡೆಂಗಿಗೆ ಕೊಡುವ ಹಾಗೆ ಪಪ್ಪಾಯಿ ಎಲೆಯ ರಸ ಕೊಡಬಹುದೇ? ಬಾಣಂತಿಯ ಪಥ್ಯ ತಪ್ಪಿದ್ದರಿಂದಲೇ ಹೀಗಾಯಿತು ಎಂದು ಬೀಗರು ಹೇಳುತ್ತಿದ್ದಾರೆ.
— ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಅಮ್ಮಾ, ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಮಾತನಾಡಿದೆವು. ಇದೇ ಆತಂಕದಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಹೊರಗೆ ಕುಳಿತಿರುವ ಇತರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೀಗರ ಮಾತು. ಬಾಣಂತಿ ಏನೋ ತಿಂದದ್ದರಿಂದ ಈ ಕಾಯಿಲೆ ಬರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳು ಬಲಿತಿರುವುದಿಲ್ಲ. ಬ್ಯಾಕ್ಟೀರಿಯಾಗಳು ಅದರ ಗೋಡೆಯೊಳಕ್ಕೆ ನುಗ್ಗಿ ಉರಿಯೂತವಾಗುತ್ತದೆ, ಕೆಲವೊಮ್ಮೆ ಕರುಳಿನ ಒಂದು ಭಾಗವೇ ಕೊಳೆಯುತ್ತದೆ. ವೈದ್ಯರು ಎನ್‌ಇಸಿ ಎನ್ನುವುದು ಇದನ್ನೇ. ಡಬ್ಬಿ ಹಾಲು ಕುಡಿಯುವ ಮಕ್ಕಳಿಗಿಂತ ತಾಯಿಹಾಲು ಕುಡಿಯುವವರಲ್ಲಿ ಇದು ಕಡಿಮೆ. ಆ ಹುಡುಗಿಯನ್ನು ದೂರುವುದು ಇಂದೇ ನಿಲ್ಲಲಿ. ವೈದ್ಯರು ಬರೆದಿದ್ದಾರೆ ಎಂದು ಈ ಪುಟವನ್ನೇ ಬೀಗರಿಗೆ ತೋರಿಸಿ.

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಇಳಿದದ್ದು ಬೇರೊಂದು ರಕ್ತದ ಕಾಯಿಲೆಯಿಂದಲ್ಲ, ಈ ಕರುಳಿನ ಕಾಯಿಲೆಯಿಂದಲೇ ಎಂದು ನಿಮ್ಮ ವೈದ್ಯರು ಹೇಳಿದ್ದಾರೆ. ಎನ್‌ಇಸಿಯಲ್ಲಿ ಇದು ತೀರಾ ಸಾಮಾನ್ಯ. ಹಾಳಾದ ಕರುಳಿನ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಳು ಕಟ್ಟಿಕೊಂಡು ಪ್ಲೇಟ್‌ಲೆಟ್‌ಗಳು ಅಲ್ಲೇ ಖರ್ಚಾಗುತ್ತವೆ. ಎಳೆಯ ಮೂಳೆಮಜ್ಜೆ ಅಷ್ಟು ವೇಗವಾಗಿ ಹೊಸದನ್ನು ಮಾಡಲಾರದು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಕುಸಿಯಬಹುದು. ಕಾಯಿಲೆ ಇನ್ನೂ ಉಲ್ಬಣಿಸಿದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಖಾಲಿಯಾಗಿ, ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತದೆ. ಆ ಸ್ಥಿತಿಗೆ ಡಿಐಸಿ ಎನ್ನುತ್ತೇವೆ. ಆಗ ಆ ಪ್ರೋಟೀನುಗಳಿರುವ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಬೇಕಾಗಬಹುದು.

ನವಜಾತ ಶಿಶುವಿಗೂ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕು, ನಿಜ. ಆದರೆ ನನ್ನನ್ನು ಹೆಚ್ಚು ಕಾಡುವುದು 42,000 ಎಂಬ ಅಂಕಿಯಲ್ಲ, ಎರಡೇ ದಿನದಲ್ಲಿ ಅದು ಅಲ್ಲಿಗೆ ಬಂದ ವೇಗ. ಅಷ್ಟು ಬೇಗ ಕುಸಿದರೆ ಕರುಳಿನ ಯಾವುದೋ ಭಾಗ ಕೊಳೆಯುತ್ತಿರಬಹುದೆಂಬ ಅನುಮಾನ ಬರುತ್ತದೆ. ಅದಕ್ಕಾಗಿಯೇ ಮತ್ತೆ ಮತ್ತೆ ಎಕ್ಸ್‌ರೇ ತೆಗೆಯುವುದು, ರಕ್ತದ ಆಮ್ಲೀಯತೆ ನೋಡುವುದು, ಶಸ್ತ್ರವೈದ್ಯರು ಬಂದು ಹೊಟ್ಟೆ ಮುಟ್ಟಿ ಪರೀಕ್ಷಿಸುವುದು. ‘ಈ ಹೊತ್ತು ಎಷ್ಟಿದೆ’ ಎನ್ನುವುದರ ಜೊತೆಗೆ ‘ನಿನ್ನೆಗಿಂತ ಏರಿದೆಯೇ, ಇಳಿದಿದೆಯೇ’ ಎಂದೂ ಕೇಳಿ. ಹೊರಗಿನಿಂದ ಕೊಡದೆ ತಾನಾಗಿಯೇ ಏರತೊಡಗಿದರೆ ಒಳ್ಳೆಯ ಸೂಚನೆ.

ಹಾಗಾದರೆ ಕೊಡಬಾರದೇಕೆ? ಬ್ರಿಟನ್, ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಅವಧಿಪೂರ್ವ ಶಿಶುಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. 50,000ಕ್ಕಿಂತ ಇಳಿದಾಗಲೇ ಪ್ಲೇಟ್‌ಲೆಟ್ ಪಡೆದ ಗುಂಪಿನ ಶೇ. 26ರಷ್ಟು ಮಕ್ಕಳಲ್ಲಿ ಸಾವು ಅಥವಾ ತೀವ್ರ ರಕ್ತಸ್ರಾವ ಕಂಡುಬಂತು. 25,000ದವರೆಗೆ ಕಾದ ಗುಂಪಿನಲ್ಲಿ ಅದು ಶೇ. 19. ಕೈಕಟ್ಟಿ ಕುಳಿತಿದ್ದಾರೆಂದು ವೈದ್ಯರ ಮೇಲೆ ಸಿಟ್ಟಾಗಬೇಡಿ, ಕಾಯುವುದಕ್ಕೂ ಕಾರಣವಿದೆ. ರಕ್ತಸ್ರಾವವಾಗುತ್ತಿದ್ದರೆ ಅಥವಾ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ ಲೆಕ್ಕ ಬೇರೆ, ಆಗ ಅವರೇ ಕೊಡುತ್ತಾರೆ.

ಸೋದರಮಾವಂದಿರ ಪ್ರೀತಿ ದೊಡ್ಡದು. ಆದರೆ ಹತ್ತಿರದ ಸಂಬಂಧಿಕರ ರಕ್ತವನ್ನು ವಿಕಿರಣ ಹಾಯಿಸದೆ ಮಗುವಿಗೆ ಕೊಟ್ಟರೆ, ಅದರಲ್ಲಿನ ಬಿಳಿ ಕಣಗಳು ಮಗುವಿನ ದೇಹದ ಮೇಲೆಯೇ ಎರಗುವ ಅಪಾಯವಿದೆ. ರಕ್ತನಿಧಿಗೆ ಹೋಗಿ ಬೇರೆಯವರಿಗಾಗಿ ಕೊಡಲಿ. ನಿಮ್ಮ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 100 ಮಿಲಿಲೀಟರ್, ಆದ್ದರಿಂದ ಪರೀಕ್ಷೆಗೆ ತೆಗೆಯುವ ಒಂದೊಂದು ಹನಿಯನ್ನೂ ನಾವು ಲೆಕ್ಕ ಇಡುತ್ತೇವೆ.

ಪಪ್ಪಾಯಿ ರಸ ಒಂದು ತೊಟ್ಟೂ ಬೇಡ. ಆ ಕರುಳಿಗೆ ಈಗ ಬೇಕಿರುವುದು ವಿಶ್ರಾಂತಿ. ಬಾಯಿಗೆ ಜೇನು, ಬಜೆ ಸವರುವುದೂ ಕೂಡದು. ಆದರೆ ಮಗಳು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡಿ ತೆಗೆದಿಡಲಿ. ಈಗ ನಿಲ್ಲಿಸಿದರೆ ಹಾಲು ಬತ್ತುತ್ತದೆ, ಮತ್ತೆ ಊಡಿಸುವ ದಿನ ಬಂದಾಗ ಅದೇ ಹಾಲು ಬೇಕು.

ಮಗು ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಕೆಲವು ತಿಂಗಳು ಎಚ್ಚರ ಬೇಕು. ಗಾಯ ಮಾಯುವಾಗ ಕರುಳು ಕೆಲವು ಕಡೆ ಕಿರಿದಾಗಬಹುದು. ಮತ್ತೆ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.